ಬಿಸಿನೀರು

ನೂರಕ್ಕೆ ಮೂವತ್ತೊಂದು.
ಫೋನಿನ ತೆರೆ ಆರಿತು, ಮತ್ತೆ ಬೆಳಗಿಸಿ ನೋಡಿದೆ:
ಮೂವತ್ತೊಂದೇ.
ಹಡಗಿಗೆ ದಾರಿ ಬಿಡಲು ಸೇತುವೆ ಎತ್ತಿದ್ದರು,
ಬಸ್ಸು ಈಚೆ ದಡದಲ್ಲಿ ಗುರುಗುಡುತ್ತ ಕಾಯುತ್ತಿತ್ತು.
ಮೊದಲ ಸೆಮಿಸ್ಟರು, ರಸಾಯನಶಾಸ್ತ್ರದ ಮೊದಲ ಪರೀಕ್ಷೆ,
ಅಕ್ಟೋಬರಿನ ಮೊದಲ ಹಿಮ,
ಎಲ್ಲ ಮೊದಲುಗಳೂ ಒಂದೇ ವಾರ ಬಂದಿದ್ದವು.

ಹೈಸ್ಕೂಲಿನಲ್ಲಿ ನಾನು ಓದಿದವಳೇ ಅಲ್ಲ;
ಒಮ್ಮೆ ಕಣ್ಣಾಡಿಸಿದರೆ ನಿಲ್ಲುತ್ತಿತ್ತು.
ಐಲಿ ಅತ್ತೆ ಆಗಲೇ ತನ್ನ ಬೇಕರಿಯಲ್ಲಿ
‘ನಮ್ಮ ಡಾಕ್ಟರು’ ಅಂತ ಎಲ್ಲರೆದುರು ಕರೆದು
ಏಲಕ್ಕಿ ಬ್ರೆಡ್ಡಿಗೆ ದುಡ್ಡು ಬೇಡ ಅಂದಿದ್ದಳು.
ಆ ಬ್ರೆಡ್ಡಿನ ಸಾಲ ಈಗ ಗಂಟಲಲ್ಲಿ.

ಕಾಲೇಜಿನ ಸಲಹೆಗಾರ್ತಿ ಮೆಲ್ಲಗೆ, ತೀರ ಮೆಲ್ಲಗೆ ಹೇಳಿದಳು:
‘ಸೆನ್ಯಾ, ಬೇರೆ ದಾರಿಗಳೂ ಇವೆ.’
ಬಾಗಿಲು ಮುಚ್ಚುವವರು ಯಾರೂ
ಧಡಾರನೆ ಮುಚ್ಚುವುದಿಲ್ಲ.
ಎರಡು ವಾರ ಕ್ಲಾಸಿಗೆ ಹೋಗಲಿಲ್ಲ.
ಕೊನೆಯ ಸಾಲಿನಲ್ಲೂ ಬಚ್ಚಿಡಲಾರದಷ್ಟು
ದೊಡ್ಡದಾಗಿತ್ತು ನನ್ನ ಮೈ.

ರಾತ್ರಿ ಮಾತ್ರ ಕೆಲಸಕ್ಕೆ ಹೋಗುತ್ತಿದ್ದೆ,
ಊರಿನ ಐಸ್ ಹಾಕಿ ಅಂಗಳಕ್ಕೆ.
ಬಾಡಿಗೆ ಸ್ಕೇಟು ಒರೆಸುವುದು, ಲೇಸು ಜೋಡಿಸುವುದು,
ಬೆಂಚಿನಡಿಯ ಚ್ಯೂಯಿಂಗ್ ಗಮ್ ಕೆರೆಯುವುದು.
ಆಟ ಮುಗಿದ ಮೇಲೆ ಆರ್ವಿಲ್ ಪೆಲ್ಕಿ ತನ್ನ ಯಂತ್ರ ಏರಿ
ಸುತ್ತು ಹೊಡೆಯುತ್ತಿದ್ದ, ಉಳುವವನ ಗಾಂಭೀರ್ಯದಲ್ಲಿ:
ಅಲಗು ಹೆರೆಯುತ್ತ, ಅದರ ಹಿಂದೆ ನೀರು ಸುರಿಯುತ್ತ.
ಗೀರುಗೀರಾದ ನೆಲ ಒದ್ದೆ ಕನ್ನಡಿಯಾಗಿ
ಅವನ ಬೆನ್ನಹಿಂದೆ ಬಿಚ್ಚಿಕೊಳ್ಳುತ್ತಿತ್ತು.
ಹಬೆ ಏಳುತ್ತಿತ್ತು.

‘ಅದು ಬಿಸಿನೀರಾ?’
ಮೂರು ವರ್ಷದಿಂದ ಇಲ್ಲಿದ್ದೇನೆ, ಅವತ್ತೇ ಕೇಳಿದ್ದು.
‘ಕೈ ಸುಡುವಷ್ಟು.’
‘ಮಂಜುಗಡ್ಡೆಗೆ ಬಿಸಿನೀರು ಹಾಕ್ತೀಯಾ?’
ಯಂತ್ರ ನಿಲ್ಲಿಸಿ, ಮೊಣಕಾಲು ಹಿಡಿದುಕೊಂಡು ಇಳಿದ.
‘ತಣ್ಣೀರು ಮೇಲೆ ಮೇಲೆಯೇ ಕೂರುತ್ತೆ, ಮುಚ್ಚಳದ ಹಾಗೆ.
ನಾಳೆ ಯಾವನೋ ಗಕ್ಕನೆ ತಿರುಗಿದರೆ ಹೊಪ್ಪಳಿಕೆ ಎದ್ದು ಬರುತ್ತೆ.
ಬಿಸಿನೀರು ಹಳೇದನ್ನ ಒಂದಿಷ್ಟು ಕರಗಿಸಿ
ಬಿರುಕಿನೊಳಕ್ಕೆ ಇಳಿದು, ಅಲ್ಲಿಂದ ಕಟ್ಟಿಕೊಂಡು ಬರುತ್ತೆ.’
ಆಮೇಲೆ, ಅಷ್ಟು ಮಾತಾಡಿದ್ದಕ್ಕೆ ನಾಚಿದವನಂತೆ,
‘ಗಾಳೀನೂ ಕಮ್ಮಿ ಇರುತ್ತೆ ಅದರಲ್ಲಿ’ ಅಂದ.

ಏಳನೆಯ ಪ್ರಶ್ನೆ!
ಉಷ್ಣತೆ ಏರಿದಂತೆ ನೀರಿನಲ್ಲಿ ಕರಗಿದ ಅನಿಲ ಏನಾಗುತ್ತದೆ?
ನಾನು ‘ಹೆಚ್ಚುತ್ತದೆ’ ಎಂದು ಬರೆದು
ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದೆ.

ಮಾರನೆಯ ದಿನ ಪ್ರೊಫೆಸರ್ ಟ್ರೆಂಬ್ಲೇ ಅವರ ಕೋಣೆಗೆ ಹೋದೆ.
(ದಿಢೀರ್ ಜ್ಞಾನೋದಯವೇನಲ್ಲ. ಬಾಗಿಲ ಮುಂದೆ
ಮೂರು ಸಲ ಶೂ ಲೇಸು ಕಟ್ಟಿಕೊಂಡೆ.)
ಅವರು ‘ಯಾಕೆ ತಪ್ಪಿತು’ ಅನ್ನಲಿಲ್ಲ.
‘ಇಲ್ಲಿ ಏನು ಯೋಚಿಸಿದೆ, ಹೇಳು’ ಅಂದರು.
ಪ್ರತಿ ಪ್ರಶ್ನೆಗೂ ಅದೇ.
ಕಳೆದುಹೋದ ಅರವತ್ತೊಂಬತ್ತೂ
ಒಂದೊಂದಾಗಿ ಬಂದು ಮೇಜಿನ ಮೇಲೆ ಕುಳಿತವು.
ನಾಚಿಕೆ ಸುಡುತ್ತದೆ. ಸುಡಲಿ ಅಂತ ಕೂತೆ.

ಮುಂದಿನದರಲ್ಲಿ ಐವತ್ತೆಂಟು.
ಅದರ ಮುಂದಿನದರಲ್ಲಿ ಎಪ್ಪತ್ತಮೂರು.
ಕೊನೆಗೆ ಸಿ ಪ್ಲಸ್.
ಐಲಿ ಅತ್ತೆಗೆ ಎಲ್ಲ ಹೇಳಿದೆ. ಬ್ರೆಡ್ಡಿಗೆ ಈಗ ದುಡ್ಡು ತಗೊಳ್ಳುತ್ತಾಳೆ;
ತುದಿಯ ಚೂರು ಮಾತ್ರ ಬಿಟ್ಟಿ.

ಮೆಡಿಕಲ್ ಕಾಲೇಜಿಗೆ ಅರ್ಜಿ ಹಾಕುವ ದಿನ ಆ ಸಿ ಪ್ಲಸ್
ಎದ್ದು ನಿಂತು ತನ್ನ ಹೆಸರು ಹೇಳುತ್ತದೆ, ಗೊತ್ತು.
ಅದನ್ನು ಹೆರೆಯುವ ಅಲಗು ಯಾರ ಬಳಿಯೂ ಇಲ್ಲ.
ಸೆಪ್ಟೆಂಬರಿನಲ್ಲಿ ಕಟ್ಟಿದ ಮೊದಲ ಪದರ
ಈ ಅಂಗಳದ ಅಡಿಯಲ್ಲಿ ಇನ್ನೂ ಹಾಗೇ ಇದೆಯಂತೆ,
ಆರ್ವಿಲ್ ಕೈನಡುಗಿ ಸೊಟ್ಟ ಎಳೆದ ನೀಲಿ ಗೆರೆಯ ಸಮೇತ.
ಅದರ ಮೇಲೇ ಎಲ್ಲರೂ ಆಡುವುದು.

ನಿನ್ನೆ ರಾತ್ರಿ ಮೊಣಕಾಲು ತಿಕ್ಕಿಕೊಳ್ಳುತ್ತ ಕೇಳಿದ:
‘ಇದನ್ನ ನೀನು ರಿಪೇರಿ ಮಾಡೋದು ಯಾವಾಗ?’
ಬೆರಳು ಮಡಚಿ ಎಣಿಸಿದೆ. ‘ಎಲ್ಲ ಸರಿಹೋದರೆ, ಹನ್ನೆರಡು ವರ್ಷ.’
‘ಹಾಗಾದರೆ ಎಡಗಾಲು ಬೇರೆಯವರಿಗೆ ಕೊಡ್ತೀನಿ.
ಬಲಗಾಲು ನಿನಗೆ ಇಟ್ಟಿರ್ತೀನಿ.’
ದೀಪ ಆರಿಸಿದೆವು.
ಹೊಸ ನೀರು ಕತ್ತಲಲ್ಲಿ
ಚಿಟ್ ಚಿಟ್ ಎಂದು ಗಟ್ಟಿಯಾಗುತ್ತಿತ್ತು.
ನಾಳೆ ಎಂಟಕ್ಕೆ ಲ್ಯಾಬು.