ಮೂರನೇ ಮಾಣಿ

ವಾಲ್ಪರೈಸೋ ಬಂದರಿನಲ್ಲಿ, ಗುಡ್ಡದ ಬುಡಕ್ಕೆ ಒರಗಿದ
ಒಂದು ಟಾಕೀಸು. ಇನ್ನೂರ ಹತ್ತು ಕುರ್ಚಿ,
ಹದಿನೇಳಕ್ಕೆ ಕಾಲು ಸರಿಯಿಲ್ಲ.
ನನ್ನ ಕೆಲಸ ಟಿಕೆಟ್ ಹರಿಯುವುದು, ಟಾರ್ಚು ಬಿಡುವುದು,
ಮುತ್ತಿಡುವವರ ಮೇಲೆ ಬಿಡದಿರುವುದು.

ಆ ಚಿತ್ರ ನಮ್ಮಲ್ಲಿ ಎಂಟು ವಾರ ಓಡಿತು.
ಹನ್ನೊಂದನೇ ನಿಮಿಷಕ್ಕೆ ಹೋಟೆಲು, ಪಿಯಾನೋ, ಹೊಗೆ.
ನಾಯಕನಿಗೆಂದು ಹಾರಿಸಿದ ಗುಂಡು
ತಟ್ಟೆ ಹಿಡಿದು ಅಡ್ಡ ಬಂದ ಮಾಣಿಗೆ ತಾಗುತ್ತದೆ.
ಮಾಣಿ ಬೀಳುತ್ತಾನೆ, ನಾಯಕ ಓಡುತ್ತಾನೆ,
ಕಥೆಯೂ ಅವನ ಬೆನ್ನಿಗೇ ಓಡುತ್ತದೆ.
ಬಿದ್ದವನಿಗೆ ಹೆಸರಿಲ್ಲ. ಕೊನೆಯ ಪಟ್ಟಿಯಲ್ಲಿ
ಮೂರನೇ ಮಾಣಿ ಎಂದಷ್ಟೇ;
ಅಷ್ಟೊತ್ತಿಗೆ ಜನ ಎದ್ದು ಕೋಟು ಹುಡುಕುತ್ತಿರುತ್ತಾರೆ.

ದಿನಕ್ಕೆ ಮೂರು ಸಾವು, ಭಾನುವಾರ ನಾಲ್ಕು.
ಲೆಕ್ಕ ಇಟ್ಟವನು ನಾನೊಬ್ಬನೇ.

ಒಂದು ಮಂಗಳವಾರದ ಮ್ಯಾಟಿನಿ, ಒಳಗೆ ಒಂಬತ್ತು ಜನ,
ಅವನು ತಟ್ಟೆಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟ.
ಪರದೆಯ ಅಂಚನ್ನು, ಬಚ್ಚಲ ಹೊಸ್ತಿಲು ದಾಟುವವರಂತೆ,
ಜಾರೀತೆಂದು ನೋಡಿಕೊಂಡು, ದಾಟಿದ.
ಗುಂಡು ಹಾರಿತು. ಹಿಂದಿದ್ದ ಹೂದಾನಿ ಒಡೆಯಿತು.
ನಾಯಕ ಓಡಿದ, ಎಂದಿನಂತೆ.
ಒಂಬತ್ತು ಜನರಲ್ಲಿ ಒಬ್ಬರೂ ಕೆಮ್ಮಲಿಲ್ಲ.

ಟಾರ್ಚು ಬಿಟ್ಟೆ. ಬೂದಿ ಬಣ್ಣದ ಮುಖ.
"ಬಿಲ್ ತರಲೇ, ಸ್ವಾಮಿ?" ಎಂದ.
ಅವನಿಗೆ ಬರೆದುಕೊಟ್ಟದ್ದು ಅದೊಂದೇ ಮಾತು.

ದೂರದ ನೆಂಟನೆಂದು ಸುಳ್ಳು ಹೇಳಿ ಮನೆಗೆ ಕರೆದೊಯ್ದೆ.
ಎರ್ಮಿನಿಯಾ ಒಮ್ಮೆ ನೋಡಿದಳು, ಏನೂ ಕೇಳಲಿಲ್ಲ,
ಹುರುಳಿ ಸಾರಿಗೆ ಇನ್ನೊಂದು ಲೋಟ ನೀರು ಹೊಯ್ದಳು.
ಕ್ಯಾಲೆಂಡರಿನಲ್ಲಿ ಆ ದಿನದ ಸಂತನನ್ನು ಹುಡುಕಿ
ಅನ್ಸೆಲ್ಮೋ ಎಂದು ಹೆಸರಿಟ್ಟಳು.
ಕೋಟಿಗೆ ಬೆನ್ನೇ ಇರಲಿಲ್ಲ.
ಕ್ಯಾಮೆರಾ ಆ ಕಡೆ ಹೋಗಿರಲಿಲ್ಲವಲ್ಲ!
ಹಳೆಯ ಪರದೆ ಹರಿದು, ಹೊಲಿದು ಮುಚ್ಚಿದಳು.

ಬಣ್ಣ ಬಂದದ್ದು ನಿಧಾನಕ್ಕೆ.
ಮೊದಲು ಕಿವಿಗೆ, ಬಿಸಿಲಲ್ಲಿ; ಆಮೇಲೆ ಉಗುರಿಗೆ.
ಕಣ್ಣು ಜೇನಿನ ಬಣ್ಣದ್ದೆಂದು ಗೊತ್ತಾಗಲು
ಹದಿನೈದು ದಿನ ಹಿಡಿಯಿತು.

ಅವನನ್ನು ದಂಗುಬಡಿಸಿದ್ದು ಮೆಟ್ಟಿಲು.
ಅವನ ಲೋಕದಲ್ಲಿ ಬೀದಿ ಬಾಗಿಲು ತಳ್ಳಿದರೆ
ರೆಪ್ಪೆ ಬಡಿಯುವಷ್ಟರಲ್ಲಿ ಮಂಚ.
ನಮ್ಮಲ್ಲಿ ಬಂದರಿನಿಂದ ಮನೆಗೆ ನೂರ ಅರವತ್ತೆರಡು,
ಒಂದನ್ನೂ ಯಾರೂ ಕತ್ತರಿಸಿ ಬಿಸಾಡಿಲ್ಲ.
ಎಂಬತ್ತರ ಹತ್ತಿರ ನಾಯಿ ಮಲಗಿರುತ್ತದೆ,
ನೂರ ಹತ್ತರಲ್ಲಿ ಉಸಿರು ಕೊರಳಿಗೆ ಬರುತ್ತದೆ.
ದಿನವೂ ಮತ್ತೆ ಅಷ್ಟೇ ಇರುತ್ತವೆ.

"ಇದಾದ ಮೇಲೆ?" ಎಂದು ಕೇಳುತ್ತಲೇ ಇದ್ದ.
ಸಾರು ಮುಗಿದ ಮೇಲೆ? ತಟ್ಟೆ ತೊಳೆಯಬೇಕು.
ತೊಳೆದ ಮೇಲೆ? ಒರೆಸಬೇಕು.
ಒರೆಸಿದ ಮೇಲೆ? ಎರ್ಮಿನಿಯಾ ನಕ್ಕುಬಿಡುತ್ತಿದ್ದಳು.
ಮೊದಲ ಸಲ ಹಲ್ಲುನೋವು ಬಂದ ರಾತ್ರಿ
ಕೆನ್ನೆ ಹಿಡಿದುಕೊಂಡೇ ನಮ್ಮಿಬ್ಬರನ್ನೂ ಎಬ್ಬಿಸಿದ:
"ನಿನ್ನೆ ಇರಲಿಲ್ಲ ಇದು! ನಿನ್ನೆ ಇರಲಿಲ್ಲ!"
ದೀಪ ಹಾಕಿದೆವು. ಲವಂಗ ಕೊಟ್ಟೆವು.
ಹಬ್ಬ ಬಂದ ಮಗುವಿನ ಹಾಗೆ ನರಳಿದ.

ಮೀನುಕಟ್ಟೆಯ ಪಕ್ಕದ ಹೋಟೆಲಿನಲ್ಲಿ ಕೆಲಸ ಸಿಕ್ಕಿತು.
ಬೇರೇನು ಬರುತ್ತದೆ ಅವನಿಗೆ?
ಆದರೆ ಬಿಲ್ ತರಲೇ ಎಂದು ಯಾರನ್ನೂ ಕೇಳಲಾರ.
ಜನ ಉಂಡು, ಕೈ ಒಣಗಿಸಿಕೊಂಡು, ಮಾತು ಮುಗಿದು,
ಸುಮ್ಮನೆ ಕೂತಿರುವುದನ್ನು ನೋಡುತ್ತ ನಿಲ್ಲುತ್ತಾನೆ.
ಯಜಮಾನ ಬೈಯುತ್ತಾನೆ. ಬೈಯಲಿ.

ಎಂಟನೇ ವಾರ ಪೆಟ್ಟಿಗೆ ಬೇರೆ ಊರಿಗೆ ಹೊರಟಿತು.
ಕೊನೆಯ ಆಟಕ್ಕೆ ಬಂದ, ದುಡ್ಡು ಕೊಟ್ಟು ಬಂದ.
ಅವನ ಟಿಕೆಟ್ಟನ್ನು ನಾನೇ ಹರಿದೆ.
ಹೋಟೆಲು, ಪಿಯಾನೋ, ಹೊಗೆ.
ಅವನಿರಬೇಕಾದಲ್ಲಿ ಆಳೆತ್ತರದ ಗಾಳಿ.
ಗುಂಡು ಹಾರಿದಾಗ ಅವನ ಕೈ ಎದೆಗೆ ಹೋಯಿತು,
ಅಲ್ಲಿ ಸಡಿಲವಾಗಿದ್ದ ಗುಂಡಿಯೊಂದನ್ನು
ಸ್ವಲ್ಪ ಹೊತ್ತು ತಿರುಗಿಸುತ್ತಿತ್ತು.

ಹೊರಗೆ ಕಡಲಿನ ಮಂಜು. ನನಗೆ ಮಂಡಿನೋವು.
ಗುಡ್ಡ ಹತ್ತುವ ಹಗ್ಗದ ಗಾಡಿಗೆ ಇನ್ನೂ ಹೊತ್ತು ಮೀರಿರಲಿಲ್ಲ,
ಇಬ್ಬರಿಗೂ ಚಿಲ್ಲರೆ ತೆಗೆದೆ.
"ನೀವು ಹೋಗಿ" ಎಂದ,
"ನಾನು ಹತ್ತಿಕೊಂಡು ಬರ್ತೇನೆ."