ಎರಡು ಮೇಲೆ, ಎರಡು ಕೆಳಗೆ

ಪೆಟ್ಟಿಗೆ ಬಿಚ್ಚಿದ ತಿಪೆನೆ ಮೊದಲು ಮಾಡಿದ್ದು
ಬಾನೆಟ್ಟನ್ನು ಒಂದೇ ಕೈಯಲ್ಲಿ ಎತ್ತಿ ತೋರಿಸಿದ್ದು:
'ನೋಡು ಅತ್ತೆ, ಒಂದು ಟ್ರೇ ಬನ್ನಿನಷ್ಟೂ ಭಾರವಿಲ್ಲ!'
ಹದಿನಾಲ್ಕು ತಿಂಗಳ ರಾತ್ರಿಪಾಳಿ, ಪೊರಿರುವಾದ ಬೇಕರಿ;
ಊರು ಮಲಗಿದ್ದಾಗ ನಾದಿದ ಹಿಟ್ಟೆಲ್ಲ ಸೇರಿ
ಕಪ್ಪಗೆ ಹೊಳೆಯುವ ಈ ಒಂದು ಹಾಳೆ.
ಕಾರಿಗೆ ಇಪ್ಪತ್ತೆರಡು ವರ್ಷ,
ಹಿಂಬಾಗಿಲು ಒಳಗಿಂದ ತೆರೆಯುವುದಿಲ್ಲ.
ಮೂಗಿಗಿಂತ ಮೂಗುತಿ ಭಾರ ಎನ್ನಬೇಕೆಂದಿದ್ದೆ,
ತೂಕ ನೋಡಿ ಸುಮ್ಮನಾದೆ.

ಮಾರಿದವನು ಬರೆದಿದ್ದ: ಇಟ್ಟರೆ ಕೂರುತ್ತದೆ.
ಇಟ್ಟೆವು. ಕೂರಲಿಲ್ಲ.
ಎಡಗಡೆ ಸಂದಿನಲ್ಲಿ ನಾಣ್ಯ ತೂರದು,
ಬಲಗಡೆ ನನ್ನ ಕಿರುಬೆರಳು ಆರಾಮವಾಗಿ ಓಡಾಡುತ್ತದೆ.
ಚಿಲಕದ ಕೊಂಡಿಯೂ ಅದರ ತೂತೂ
ಮುನಿಸಿಕೊಂಡ ನೆಂಟರ ಹಾಗೆ
ಎದುರೆದುರು ಬಂದು ಮುಖ ತಿರುಗಿಸಿವೆ.

ಮೂವತ್ತು ವರ್ಷ ತಗಡು ಬಡಿದವಳು ನಾನು.
ತಗಡಿಗೆ ಮಾತು ತಿಳಿಯುತ್ತದೆ,
ಒಂದೇಟು ಕೊಟ್ಟರೆ ಯೋಚಿಸಿ ಬಾಗುತ್ತದೆ.
ಇದು ಬಾಗುವುದಿಲ್ಲ, ಸೀಳುತ್ತದೆ.
ಸುತ್ತಿಗೆ ಗೋಡೆಯ ಮೊಳೆಗೆ ಹೋಯಿತು,
ಉಪ್ಪುಕಾಗದ ಬಂತು, ಬಕೆಟ್ಟಿನಲ್ಲಿ ನೀರು ಬಂತು.
ಕೀಲಿನ ಬೋಲ್ಟು ಸಡಿಲಿಸು, ನೂಕು, ಮುಚ್ಚು, ನೋಡು.
ತೆಗೆ. ವಾಷರ್ ಹಾಕು. ಮುಚ್ಚು. ನೋಡು.
ಅಂಚಿಗೆ ಟೇಪು, ಟೇಪಿನ ಮೇಲೆ ಪೆನ್ಸಿಲ್ ಗೀಟು;
ಗೀಟು ದಾಟಿದೆಯೋ ತಿಪೆನೆ,
ಇನ್ನೂ ಹದಿನಾಲ್ಕು ತಿಂಗಳು ಬ್ರೆಡ್ಡು.

ತುಂಬುತೋಳಿನ ಅಂಗಿ ಹಾಕು ಎಂದಿದ್ದೆ, ಕೇಳಲಿಲ್ಲ.
ಸಂಜೆಗೆ ಮೊಣಕೈವರೆಗೆ ಕರಿ ಧೂಳು,
ತುರಿಚೆ ಗಿಡ ತಗುಲಿದವನ ಕುಣಿತ.
ಅದೇ ಟೇಪಿನಿಂದ ಕಾಣದ ಮುಳ್ಳು ಕಿತ್ತು
ತಣ್ಣೀರು ಸುರಿದೆ.

ಅಮ್ಮ ಬಂದದ್ದು ಆಗ, ಟೀ ಹಿಡಿದು.
ಕೊಡುವುದು ಮರೆತು ಬಾನೆಟ್ಟಿನ ಮೇಲೆ ಬೆರಳಿಟ್ಟಳು.
ಎಂಬತ್ತೊಂದರ ಬೆರಳು,
ಹರಕೆಕೆ ಎಲೆ ಸೀಳಿ ಬುಟ್ಟಿ ಹೆಣೆದು ಹೆಣೆದು
ಉಗುರು ಸವೆದ ಬೆರಳು.
'ತೊರುವಾ,' ಎಂದಳು. 'ಎರಡು ಮೇಲೆ, ಎರಡು ಕೆಳಗೆ.
ನಮ್ಮ ಹೆಣಿಗೆ.'
'ಕಾರ್ಬನ್ ಅಜ್ಜೀ, ಮಷೀನಿನದು.'
ಬೆರಳು ಓಡಿತು. ಬಲ ಮೂಲೆಯಲ್ಲಿ ನಿಂತಿತು.
ಲ್ಯಾಕರಿನ ಅಡಿಯಲ್ಲಿ ಒಂದು ಎಳೆ ಓರೆ.
ಎರಡು ದಿನದಿಂದ ನಾನು ಉಜ್ಜುತ್ತಿದ್ದ ಮೂಲೆ,
ನನಗೇ ಕಂಡಿರಲಿಲ್ಲ.
'ಇಲ್ಲಿ ಯಾರೋ ಎದ್ದು ಹೋಗಿದ್ದಾರೆ,
ಬಂದು ಮತ್ತೆ ಕೂತಿದ್ದಾರೆ.'
ನೇಯ್ದದ್ದು ಮಷೀನು ಇರಬಹುದು,
ಅಚ್ಚಿಗೆ ಒತ್ತಿ ಕೂರಿಸಿದ ಕೈ ಮಷೀನಿನದಲ್ಲ.
ಯಾವ ದೇಶದ ಯಾವ ಷೆಡ್ಡೋ,
ಗಂಟೆ ಹೊಡೆಯಿತೋ, ಯಾರಾದರೂ ಹೆಸರು ಹಿಡಿದು ಕೂಗಿದರೋ.
ದುಡ್ಡು ವಾಪಸು ಕೇಳುತ್ತೇನೆಂದು ಹಾರಾಡಿದ ತಿಪೆನೆ
ರಾತ್ರಿ ಟಾರ್ಚು ಹಿಡಿದು ಒಬ್ಬನೇ ಆ ಮೂಲೆ ನೋಡುತ್ತಿದ್ದ.
ಕೇಳಲಿಲ್ಲ.

ಪಿನ್ನು ಬೇಡ, ಚಂದ ಕೆಡುತ್ತದೆ ಎಂದು ಹಟ.
ರೆಮುಟಾಕ ಘಾಟಿಯ ಕತೆ ಹೇಳಿದೆ:
ತೆಂಕಣ ಗಾಳಿ, ಇಳಿಜಾರು, ಚಿಲಕ ಬಿಟ್ಟ ಬಾನೆಟ್ಟು
ಎದ್ದು ಗಾಜಿಗೆ ಬಡಿದು ಹಗಲೇ ಕತ್ತಲು.
ಕಿಟಕಿಯಾಚೆ ತಲೆ ಹಾಕಿ ಮೂರು ತಿರುವು ಇಳಿಸಿದೆ.
ಹಿಂದಿನ ಸೀಟಿನಲ್ಲಿ ನಿನ್ನಮ್ಮ,
ಅವಳ ಹೊಟ್ಟೆಯಲ್ಲಿ ನೀನು.
ಅವನೇ ಡ್ರಿಲ್ಲು ತಂದುಕೊಟ್ಟ.
ಅಡಿಗೆ ಮರದ ತುಂಡು, ನಿಧಾನ, ಎರಡು ತೂತು,
ತೂತಿನ ಬಾಯಿಗೆ ಎಪಾಕ್ಸಿ.
ಮುಟ್ಟಬೇಡ ಮಾರಾಯ, ಹುದುಗು ಬರುವ ಹಿಟ್ಟನ್ನು
ಘಳಿಗೆಗೊಮ್ಮೆ ಕೆದಕುತ್ತೀಯಾ?

ಭಾನುವಾರ ಮುಚ್ಚಿದೆವು.
ಎಡಕ್ಕೆ ನಾಲ್ಕು ಮಿಲಿಮೀಟರು, ಬಲಕ್ಕೆ ಐದು.
ಆ ಒಂದು ನಮ್ಮಿಬ್ಬರ ನಡುವೆಯೇ ಇರಲಿ.

ಹಳೆಯ ಉಕ್ಕಿನ ಬಾನೆಟ್ಟನ್ನು ಪಕ್ಕದ ಮನೆ ಮಕ್ಕಳು
ಗುಡ್ಡಕ್ಕೆ ಎಳೆದೊಯ್ದು, ಅಂಗಾತ ಮಾಡಿ,
ನಾಲ್ವರು ಕೂತು ಕಿರುಚುತ್ತ
ಹುಲ್ಲಿನ ಮೇಲೆ ಜಾರಿ ಬಂದು ಬೇಲಿಗೆ ಗುದ್ದಿದರು.
ಮೂಗು ಸೊಟ್ಟಗಾಯಿತು.
ನಾನು ಸುತ್ತಿಗೆ ತರಲು ಎದ್ದೆ.