ನಿಲ್ಲಿಸಬೇಡಿ

ಮೂವತ್ತೊಂದು ವರ್ಷ ಲಿಬೆರೆತ್ಸಿನಲ್ಲಿ ಟ್ರಾಮು ಓಡಿಸಿದೆ;
ಓಡಿಸಿದ್ದಕ್ಕಿಂತ ನಿಲ್ಲಿಸಿದ್ದೇ ಹೆಚ್ಚು.
ಈಗ ಝೆಲೆಜ್ನಿ ಬ್ರೋದಿನ ಈ ಹಿಂಬದಿಯ ಕೋಣೆಯಲ್ಲಿ
ಮೊಮ್ಮಗಳ ವಯಸ್ಸಿನ ಆನೆಶ್ಕಾ ಗದರುತ್ತಾಳೆ:
"ನಿಲ್ಲಿಸಬೇಡಿ. ತಿರುಗಿಸಿ, ತಿರುಗಿಸುತ್ತಲೇ ಇರಿ."

ಆತುರಪಟ್ಟು ಉರಿಗೊಡ್ಡಿದ ಗಾಜಿನ ಕಡ್ಡಿ
ಚಟ್ಟನೆ ಸಿಡಿದು ತೋಳ ಮೇಲೆ ಕೂತಿತು.
"ಮೊದಲು ದೂರದಿಂದ ತೋರಿಸಿ,
ಬೆಂಕಿಯ ಪರಿಚಯವಾಗಲಿ ಅದಕ್ಕೆ."

ಪರಿಚಯವಾಯಿತು. ಗುಲಾಬಿ ಕನ್ನಡಕದೊಳಗೆ
ಹಳದಿ ಜ್ವಾಲೆ ಮಾಯ, ಉಳಿದದ್ದು ಕಡ್ಡಿಯ ತುದಿ;
ಅದು ಒಂದೆಳೆ ಪಾಕದ ಹದಕ್ಕೆ ಬಂತು.
ಮಣ್ಣು ಮೆತ್ತಿದ ಉಕ್ಕಿನ ತಂತಿಗೆ ಸುತ್ತಿದೆ,
ಸುತ್ತುವಾಗ ಒಮ್ಮೆ ಸೀನಿದೆ.
ಗುಂಡಗಿದ್ದದ್ದು ಗೂನಾಯಿತು.

ಕೆಂಪು ಗಾಜು ಕಾದಾಗ ಕಪ್ಪು.
"ಉರಿಯಲ್ಲಿ ಬಣ್ಣ ನಂಬಬೇಡಿ" ಎಂದಳು,
ಸಿಗ್ನಲ್ಲಿನ ಕೆಂಪನ್ನೇ ನಂಬಿ
ಬದುಕಿದವನಿಗೆ!

ರಾತ್ರಿಯೆಲ್ಲ ಕುಲುಮೆಯಲ್ಲಿ ಮೆಲ್ಲಗೆ ಆರಬೇಕಂತೆ ಮಣಿ.
ಮನೆಯಲ್ಲಿ ನಾನು ಆರಲಿಲ್ಲ,
ಮೂರು ಸಲ ಎದ್ದು ನೀರು ಕುಡಿದೆ.

ಬೆಳಿಗ್ಗೆ ಹದಿನಾಲ್ಕರಲ್ಲಿ ಒಂಬತ್ತಕ್ಕೆ ಸೀಳು.
ಉಳಿದವುಗಳಲ್ಲಿ ಎರಡನ್ನು ಕೊಕ್ಕೆಗೆ ಸಿಕ್ಕಿಸಿ
ಓಲೆ ಅಂದೆ.
ಜೋಡಿಯಲ್ಲ, ದಾಯಾದಿಗಳು.

ಯಾರ್ಮಿಲಾ ಏನೂ ಹೇಳಲಿಲ್ಲ. ಹಾಕಿಕೊಂಡಳು,
ಆಲೂಗಡ್ಡೆ ಸೂಪಿಗೆ ಉಪ್ಪು ಸರಿಯಾಯಿತೇ ಎಂದು ನೋಡಿದಳು,
ಪಕ್ಕದ ಮನೆಯವಳ ನಾಯಿಯ ಸುದ್ದಿ ತೆಗೆದಳು.
ಎಡಗಿವಿಯದು ತುಸು ಭಾರ,
ತಲೆ ಅತ್ತ ವಾಲಿತ್ತು:

ಇಳಿಜಾರಿನ ತಿರುವಿನಲ್ಲಿ ನನ್ನ ಗಾಡಿಯ ಜನವೆಲ್ಲ
ಮಾತು ನಿಲ್ಲಿಸದೆಯೇ
ವಾಲುತ್ತಿದ್ದ ಹಾಗೆ.